ಸ್ಟೂಲಿನಿಂದ ಏಳದ ರೋಗಿ

ಅವರು ಎರಡು ಸಲ ನಿವೃತ್ತರಾದರು. ಮೊದಲನೆಯ ಸಲ ಸರ್ಕಾರ ಮಾಡಿತು, ಎರಡನೆಯ ಸಲ ಮೊಣಕಾಲು. ಮೊದಲನೆಯದಕ್ಕೆ ಶಾಲು, ಹಾರ, ಮೈಕು, ಊಟ ಎಲ್ಲ ಇತ್ತು. ಹೋದ ತಿಂಗಳು ನಡೆದ ಎರಡನೆಯದಕ್ಕೆ ಇದ್ದವರು ನಾನು ಮತ್ತು ನಮ್ಮ ಆಸ್ಪತ್ರೆಯ ಸಿಸ್ಟರ್ ಇಬ್ಬರೇ. ಹಾಗಾಗಿ ಅದರ ವರದಿ ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೆಸರು ಮಾತ್ರ ಹಾಕಬೇಡ ಎಂದಿದ್ದಾರೆ. "ಹೆಸರು ಹಾಕಿದ್ರ ನನ್ನ ನೋಡ್ಲಿಕ್ಕೆ ಬರ್ತಾರವಾ. ಹಾಕ್ಲಿಲ್ಲಂದ್ರ ಹತ್ರದ ಡಾಕ್ಟರ ಕಡೆ ಹೋಗ್ತಾರ, ಅದ ಛಲೋ" ಎಂಬುದು ಅವರ ವಾದ. ನಾನು ಅವರನ್ನು ಯಾವಾಗಲೂ ಕರೆದದ್ದು ಸರ್ ಎಂದೇ. ಇಲ್ಲಿಯೂ ಹಾಗೇ ಇರಲಿ.

ನಾನು ರಾಮದುರ್ಗದ ಕಡೆಯವಳು. ಮನೆಯಲ್ಲಿ ಹೊಲ, ಜೊತೆಗೆ ಹತ್ತಿಯ ವ್ಯಾಪಾರ. ಮನೆತನದಲ್ಲಿ ಡಾಕ್ಟರಾದವಳು ನಾನೇ ಮೊದಲು. ಮುಂದೆ ಮನಸ್ಸಿನ ಡಾಕ್ಟರಾಗುತ್ತೇನೆ ಎಂದಾಗ ನಮ್ಮ ದೊಡ್ಡಪ್ಪ, "ಮೈಯಾಗ ಇಷ್ಟೆಲ್ಲಾ ಅಂಗ ಇದ್ದು, ಕಣ್ಣಿಗೆ ಕಾಣದ್ದನ್ನ ಯಾಕ ಹಿಡದಿ?" ಎಂದು ಕೇಳಿದ್ದ. ಬರೆಯುವ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದವು. ಪ್ರಾಯೋಗಿಕದಲ್ಲಿ ನಪಾಸಾದೆ. ಮತ್ತೆ ಕೂತೆ, ಮತ್ತೆ ನಪಾಸು. ಆ ಪರೀಕ್ಷೆಯಲ್ಲಿ ಒಬ್ಬ ರೋಗಿಯನ್ನು ಎದುರಿಗೆ ಕೂರಿಸುತ್ತಾರೆ. ಮಾತಾಡಿಸಿ, ಅವರ ತೊಂದರೆ ತಿಳಿದು, ಪರೀಕ್ಷಕರ ಮುಂದೆ ಹೇಳಬೇಕು. ನನ್ನ ರೋಗಿಗಳು ನನ್ನೊಡನೆ ಮಾತೇ ಆಡಲಿಲ್ಲ. ಮೊದಲನೆಯವನು ಗೋಡೆ ನೋಡುತ್ತ ಕೂತ. ಎರಡನೆಯವಳು "ಎಲ್ಲಾ ಆ ಫೈಲಿನ್ಯಾಗ ಐತ್ರಿ" ಎಂದು ಕಣ್ಣು ಮುಚ್ಚಿದಳು. ಫೈಲು ನನಗೆ ಕೊಡುವಂತಿರಲಿಲ್ಲ.

ಅದಾದ ಮೇಲೆ ಬೈಲಹೊಂಗಲದ ಕಡೆ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಮಾಮೂಲಿ ವೈದ್ಯೆಯಾಗಿ ಸೇರಿದೆ. ಇನ್ನೊಂದೇ ಸಲ ಪರೀಕ್ಷೆಗೆ ಕೂಡುವುದು, ಆಗಲಿಲ್ಲವೆಂದರೆ ಜ್ವರ ಕೆಮ್ಮು ನೋಡಿಕೊಂಡು ಇದ್ದುಬಿಡುವುದು ಎಂದು ತೀರ್ಮಾನಿಸಿದ್ದೆ. ಮನೆಯಲ್ಲಿ ಎಲ್ಲರೂ ಧೈರ್ಯ ಹೇಳುತ್ತಿದ್ದರು. ಒಳಗೊಳಗೆ ನನಗೆ ಮಾತ್ರ ಒಂದು ಹೆದರಿಕೆ ಕೂತಿತ್ತು: ಜನರನ್ನು ಮಾತಾಡಿಸುವುದು ನನಗೆ ಬರುವುದೇ ಇಲ್ಲವೇನೋ ಎಂದು.

ಸರ್ ಸವದತ್ತಿ ಊರಿನವರು. ಪ್ರತಿ ಗುರುವಾರ ಬಸ್ಸಿನಲ್ಲಿ ಬಂದು ನಮ್ಮಲ್ಲಿ ಮನೋರೋಗಿಗಳನ್ನು ನೋಡುತ್ತಿದ್ದರು. ಹುಣ್ಣಿಮೆಯ ದಿನಗಳಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬರುವವರ ನಡುವೆ ಸಿಕ್ಕಿ, ಅಂಗಿಗೆಲ್ಲ ಭಂಡಾರದ ಅರಿಸಿನ ಬಳಿಸಿಕೊಂಡು ಇಳಿಯುತ್ತಿದ್ದರು. ಕೈಯಲ್ಲಿ ಸ್ಟೀಲಿನ ಡಬ್ಬಿ, ಕಿಸೆಯಲ್ಲಿ ಲವಂಗ. ಒಂದು ಕಾಲದಲ್ಲಿ ಅಡಿಕೆ ತಂಬಾಕು ತಿನ್ನುತ್ತಿದ್ದರಂತೆ. ಬಿಟ್ಟು ಬಹಳ ವರ್ಷವಾಗಿದ್ದರೂ ಮಾತಿನ ನಡುವೆ ಕೈ ತಾನಾಗಿ ಕಿಸೆಗೆ ಹೋಗುತ್ತಿತ್ತು, ಅಲ್ಲಿ ಲವಂಗ ಸಿಗುತ್ತಿತ್ತು. "ಚಟ ಬಿಟ್ಟು ಬಿಡ್ರಿ ಅಂತ ಸರಳ ಹೇಳೋ ಡಾಕ್ಟರಿಗೆ ಮೊದಲ ಒಂದು ಲವಂಗ ಕೊಡಬೇಕು" ಎನ್ನುತ್ತಿದ್ದರು. ನನಗೂ ಒಂದು ಕೊಟ್ಟಿದ್ದರು. ಯಾಕೆ ಕೊಟ್ಟರೆಂದು ಕೇಳುವ ಧೈರ್ಯ ಆಗ ಇರಲಿಲ್ಲ.

ಅವರ ಅಜ್ಜ ವೈದಿಕರು, ಮನೆಯಲ್ಲಿ ಹುಡುಗರಿಗೆ ಮಂತ್ರಪಾಠದ ಸಂಥೆ ಹೇಳುತ್ತಿದ್ದವರು. ಸಂಥೆಯೆಂದರೆ ಗುರು ಒಂದು ಸಲ ಹೇಳುವುದು, ಶಿಷ್ಯ ಎರಡು ಸಲ ಹೇಳುವುದು. ಸರ್ ಮಂತ್ರ ಬಿಟ್ಟರೂ ಸಂಥೆ ಬಿಟ್ಟಿರಲಿಲ್ಲ. ನನ್ನ ಪರೀಕ್ಷೆಯ ಪುನರಾವರ್ತನೆಗೂ ಅದನ್ನೇ ತಂದರು, ಸಣ್ಣದೊಂದು ತಿದ್ದುಪಡಿಯೊಡನೆ. "ನಾ ಒಂದ್ಸಲ ಹೇಳ್ತೀನಿ. ನೀ ಎರಡು ಸಲ ಹೇಳಬೇಕು. ಮೊದಲನೇದು ಪರೀಕ್ಷಾದವರಿಗೆ, ಎರಡನೇದು ಸಿರಸಂಗಿ ಅಜ್ಜಿಗೆ."

ಮಗನನ್ನು ತೋರಿಸಲು ಬರುವ ಈ ಸಿರಸಂಗಿಯ ಅಜ್ಜಿ ಯಾರೋ, ನಾನು ನೋಡಿಲ್ಲ. ಆದರೆ ಆಕೆ ಬಹಳ ಕಟ್ಟುನಿಟ್ಟು. ಮಾನಸಿಕ ಆರೋಗ್ಯದ ಕಾಯ್ದೆ ತೆಗೆದು, "ಪ್ರತಿಯೊಬ್ಬ ವಯಸ್ಕನಿಗೂ ತನ್ನ ಚಿಕಿತ್ಸೆಯ ವಿಷಯ ತೀರ್ಮಾನಿಸುವ ಸಾಮರ್ಥ್ಯ ಇದೆಯೆಂದೇ ಮೊದಲು ಭಾವಿಸತಕ್ಕದ್ದು" ಎಂದು ಸರ್ ಹೇಳುವರು. ನಾನು ಅದನ್ನೇ ಒಪ್ಪಿಸುವೆ. "ಈಗ ಅಜ್ಜಿಗೆ" ಎನ್ನುವರು. ಅಲ್ಲಿ ನಾನು ತೊದಲುತ್ತಿದ್ದೆ. ಸಾಮರ್ಥ್ಯ ಎಂದರೆ ಅಜ್ಜಿಗೆ ಅದು ಎತ್ತು ಜಗ್ಗುವ ಶಕ್ತಿ. ಕೊನೆಗೆ, "ನಿಮ್ಮ ಮಗಗ ತ್ರಾಸ ಐತಿ ಖರೆ, ಆದ್ರ ಅವನ ಬುದ್ಧಿ ಪೂರಾ ಹೋಗೇತಿ ಅಂತ ನಾವ ಮೊದಲ ತಿಳಕೋಬಾರ್ದ್ರಿ. ಕೇಳಿ ನೋಡೂಣು" ಎಂದೆ. "ಹಾಂ, ಈಗ ಅಜ್ಜಿ ಎಲಿ ಅಡಕಿ ತಗದ್ಲು ನೋಡು" ಎಂದರು. ಅಜ್ಜಿ ಎಲೆ ಅಡಿಕೆ ತೆಗೆದಳೆಂದರೆ ಆ ಪಾಠ ಮುಗಿಯಿತು. ಕುಡಿತದ ಅಧ್ಯಾಯದಲ್ಲಿ ಒಮ್ಮೆ ಕುಡಿಯುವವನಿಗೆ ಥಯಾಮಿನ್ ಎಂಬ ಜೀವಸತ್ವಕ್ಕಿಂತ ಮೊದಲು ಗ್ಲೂಕೋಸ್ ಏರಿಸಿಬಿಟ್ಟೆ, ಬಾಯಿಮಾತಿನಲ್ಲಿ; ನಿಜಕ್ಕೂ ಏರಿಸಿದ್ದರೆ ಮಿದುಳಿಗೆ ಕುತ್ತು. ಅಜ್ಜಿ ಒಂದು ವಾರ ನನ್ನ ಕೂಡ ಮಾತು ಬಿಟ್ಟಳು.

ದೇವರು ಮೈಮೇಲೆ ಬರುವವರ ಬಗ್ಗೆ ಪುಸ್ತಕದಲ್ಲಿ ಒಂದು ಪುಟವಿದೆ. ಅದನ್ನು ಒಪ್ಪಿಸಿ ಮುಗಿಸಿದಾಗ ಸರ್ ಹೇಳಿದ್ದು ಇಷ್ಟು: "ನಮ್ಮ ಗುಡ್ಡದಾಗ ಎಷ್ಟೋ ಮಂದಿ ಮೈಮ್ಯಾಲೆ ಬರ್ತದ. ತಾಸಿನ ಮ್ಯಾಲೆ ಎದ್ದು ಚಾ ಕುಡದು ಬಸ್ ಹತ್ತತಾರ. ಅವರಿಗೆ ನಾವು ಬೇಕಾಗಿಲ್ಲ. ಬಸ್ ಹತ್ತಲಾರದವರು ಯಾರದಾರ, ಅವರ ಕಡೆ ಲಕ್ಷ್ಯ ಇಡು."

ಇದೆಲ್ಲ ಬಾಯಿಪಾಠದ ಮಾತಾಯಿತು. ನಿಜವಾದ ಫಜೀತಿ ಇದ್ದದ್ದು ಸ್ಟೂಲಿನಲ್ಲಿ.

ಮೊದಲ ಗುರುವಾರವೇ ಅವರು ನನ್ನ ಪುಸ್ತಕ ಬೋರಲು ಹಾಕಿ ಅದರ ಮೇಲೆ ತಮ್ಮ ಡಬ್ಬಿ ಇಟ್ಟರು. ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ ಹೊರಗೆ ಹೋದರು. ಒಂದು ನಿಮಿಷ ಬಿಟ್ಟು ಪರದೆ ಸರಿಸಿ ಒಳಬಂದವರು ಬೇರೆಯೇ ಮನುಷ್ಯ. ಹೆಗಲು ಇಳಿದಿತ್ತು, ಅಂಗಿಯ ಗುಂಡಿ ತಪ್ಪಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ರೋಗಿಗಳ ಕಬ್ಬಿಣದ ಸ್ಟೂಲಿನ ತುದಿಗೆ ಕೂತು, "ನಮಸ್ಕಾರ್ರಿ ಡಾಕ್ಟರಬಾಯಾರ. ನನಗೇನೂ ಆಗಿಲ್ರಿ. ಹೇಣ್ತಿ ಸುಮ್ನ ಎಳಕೊಂಡ ಬಂದಾಳ" ಎಂದರು. ವೈದಿಕ ಮನೆಯ ಮಾತಿನಲ್ಲಿ 'ಅದ' ಎನ್ನುವ ಮನುಷ್ಯ ಈಗ ಹಳ್ಳಿಯವರ ಹಾಗೆ ಬಾಯಿತುಂಬ 'ಐತಿ' ಎನ್ನುತ್ತಿದ್ದರು.

ನಾನು ಎಷ್ಟು ಕುಡಿಯುತ್ತೀರಿ, ಎಂದಿನಿಂದ, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತದೆಯೇ ಎಂದು ಎಲ್ಲ ಕೇಳಿದೆ. ಎಲ್ಲಕ್ಕೂ ಉತ್ತರ ಬಂತು. ರೋಗ ಇಂಥದು, ಚಿಕಿತ್ಸೆ ಇಂಥದು ಎಂದು ಹೇಳಿ ಮುಗಿಸಿದೆ. ಅವರು ಏಳಲಿಲ್ಲ.

"ಮುಗೀತ್ರಿ ಸರ್" ಎಂದೆ.

"ಯಾವ ಸರ್ರೀ?" ಎಂದು ಹಿಂದೆ ತಿರುಗಿ ನೋಡಿದರು.

ಸಿಸ್ಟರ್ ನನ್ನನ್ನು ಹೊರಗೆ ಕರೆದು ಗುಟ್ಟು ಬಿಚ್ಚಿದಳು. "ಅವರು ಹಂಗ ಏಳೂದಿಲ್ರಿ ಮೇಡಮ್. ಕೇಳೂದು ಸರಿ ಕೇಳಿದ್ರ ತಾವ 'ಬರತೇನ್ರಿ ಡಾಕ್ಟರಬಾಯಾರ' ಅಂತ ಎದ್ದ ಹೋಗ್ತಾರ. ನಿಮಗಿಂತ ಮೊದಲ ಇದ್ದ ಡಾಕ್ಟರ್ ಅವರ್ನ ಸ್ಟೂಲ್ ಮ್ಯಾಲೆ ಬಿಟ್ಟು ಊಟಕ್ಕ ಹೋಗಿದ್ರ್ರಿ. ಬಂದು ನೋಡಿದ್ರ ಅಲ್ಲೇ ಇದ್ರು."

ಮುಂದಿನ ಗುರುವಾರ ಅದೇ ಕುಡುಕನ ಹೆಂಡತಿಯಾಗಿ ಬಂದರು. ತಲೆಯ ಮೇಲೆ ಟವೆಲ್ಲಿನ ಸೆರಗು. "ಗುಳಗಿ ಕೊಡ್ರಿ, ಗೊತ್ತಾಗಲಾರದಂಗ ಝುಣಕದಾಗ ಹಾಕಿ ತಿನಸ್ತೇನಿ." ನಾನು, "ಅವರ ಒಪ್ಪಿಗಿ ಇಲ್ಲದ ಕೊಡಾಕ ಕಾಯ್ದೆದಾಗ ಬರೂದಿಲ್ರಿ" ಎಂದೆ. "ಬರೂದಿಲ್ಲಂದ್ರ ನಾ ಏನ್ ಮಾಡ್ಲಿ?" ಎಂದು ಕೂತೇಬಿಟ್ಟರು. ಕಾಯ್ದೆಯ ಉಳಿದ ಭಾಗವನ್ನೂ ಹೇಳಿದೆ. ಕೂತೇ ಇದ್ದರು. ಬಸ್ಸಿನ ಹೊತ್ತಾದ ಮೇಲೆಯೇ ಟವೆಲ್ಲು ಮಡಚಿದ್ದು. ಎದುರಿನ ಚಹದಂಗಡಿಯವರೆಗೂ ಪಾತ್ರ ಬಿಡದೇ ಹೋಗುತ್ತಿದ್ದರಾದ್ದರಿಂದ, ಕುಡುಕನಾಗಿದ್ದ ವಾರ ಅಂಗಡಿಯವನು ನನ್ನನ್ನು ಕರೆದು, "ಡಾಕ್ಟರಬಾಯಾರ, ವಯಸ್ಸಾದವರು, ಏನರ ಮಾಡಿ ಬಿಡಸ್ರಿ ಪಾಪ" ಎಂದು ಕೈ ಮುಗಿದಿದ್ದ. ಅವರು ಚಹ ಮಜ್ಜಿಗೆ ಬಿಟ್ಟರೆ ಬೇರೇನೂ ಮುಟ್ಟದವರು ಎಂದು ನಾನು ಹೇಳಿದರೆ ನಂಬಲಿಲ್ಲ.

ಹೀಗೆ ಗುರುವಾರಗಳು ಕಳೆದವು. ಪರೀಕ್ಷೆ ಹತ್ತಿರ ಬಂತು. ಕಾಯ್ದೆ ಬಾಯಿಗೆ ಬಂದಿತ್ತು, ಅಜ್ಜಿ ಎಲ್ಲ ಅಧ್ಯಾಯಕ್ಕೂ ಎಲೆ ಹಾಕಿಕೊಂಡಿದ್ದಳು. ಸ್ಟೂಲಿನ ಮನುಷ್ಯ ಮಾತ್ರ ಒಮ್ಮೆಯೂ ಎದ್ದಿರಲಿಲ್ಲ. ಯಾವ ಪ್ರಶ್ನೆ ಬಾಕಿ ಇದೆ ಎಂದು ಕೇಳಿದರೆ, "ಪುಸ್ತಕದಾಗ ಅದನೋ ಇಲ್ಲೋ ನನಗ ನೆನಪಿಲ್ಲವಾ" ಎಂದು ಡಬ್ಬಿ ತೆರೆಯುತ್ತಿದ್ದರು.

ಒಂದು ಗುರುವಾರ ಸಂಜೆ, ಸರ್ ಬಸ್ಸಿಗೆ ಹೊರಡುವ ಹೊತ್ತಿಗೆ ಸಾಮಾನಿನ ಟೆಂಪೊ ಒಂದು ಬಂದು ನಿಂತಿತು. ಕಿತ್ತೂರಿನ ರಸ್ತೆಯಲ್ಲಿ ಒಂದು ಲಾರಿ ಗ್ಯಾರೇಜಿದೆ. ಅಲ್ಲಿಯ ನಾಲ್ವರು ಮೆಕ್ಯಾನಿಕ್ಕರು ಒಬ್ಬರ ಮೇಲೊಬ್ಬರು ಬಿದ್ದಂತೆ ಇಳಿದರು. ಮುಖ ಕೆಂಡದ ಹಾಗೆ ಕೆಂಪು, ವಾಂತಿ, ಎದೆ ಢವಢವ. ಒಬ್ಬನ ರಕ್ತದ ಒತ್ತಡ ಬಹಳ ಇಳಿದಿತ್ತು. "ದಾರೂದಾಗ ಏನೋ ಕೂಡಿಸ್ಯಾರ್ರಿ" ಎಂದು ನಾಲ್ವರದೂ ಒಂದೇ ಕೂಗು. ಸಲೈನ್ ಹಚ್ಚಿದೆವು, ಆಮ್ಲಜನಕ ಕೊಟ್ಟೆವು. ಜೀವ ಹಿಡಿತಕ್ಕೆ ಬಂದ ಮೇಲೆ ವಿಚಾರಿಸಿದರೆ, ಮೂವರು ಒಂದು ಅಂಗಡಿಯಲ್ಲಿ ವ್ಹಿಸ್ಕಿ ಕುಡಿದಿದ್ದರು, ನಾಲ್ಕನೆಯವನು ಬೇರೆಲ್ಲೋ ಒಂದು ಬಿಯರ್. ಎರಡು ಕಡೆಯೂ ವಿಷ ಹೇಗೆ ಎಂದು ನನಗೆ ತಲೆ ಓಡಲಿಲ್ಲ.

ಸರ್ ಕುಡಿತದ ಸುದ್ದಿಯನ್ನೇ ಎತ್ತಲಿಲ್ಲ. "ಮಧ್ಯಾಹ್ನ ಏನ್ ಉಂಡಿದ್ರಿ?" ಎಂದರು.

"ಇವನ ಬುತ್ತಿರಿ" ಎಂದು ಒಬ್ಬ, ಸೊರಗಿದ ಮೈಯ ಒಬ್ಬನನ್ನು ತೋರಿಸಿದ. "ಮೂರ ದಿನದಿಂದ ಇವನ ಹೇಣ್ತಿ ಝುಣಕ ಕಟ್ಟಾಕ ಹತ್ತ್ಯಾಳ್ರಿ. ಭಾಳ ರುಚಿ ಇತ್ತು. ಎಲ್ಲಾರೂ ಹಂಚಕೊಂಡ ಉಂಡೇವಿ."

ನಮ್ಮ ಕಡೆ ಬುತ್ತಿ ಬಿಚ್ಚಿ ಒಬ್ಬನೇ ಉಣ್ಣುವವನು ಇಲ್ಲ. ಪೇಪರು ಹಾಸಿ ಎಲ್ಲರ ರೊಟ್ಟಿಯನ್ನೂ ನಡುವೆ ಇಡುತ್ತಾರೆ. ನಿನ್ನದು ನನ್ನದು ಎಂದರೆ ಅದು ವರ್ಷಗಟ್ಟಲೆ ಆಡಿಕೊಳ್ಳುವ ಮಾತಾಗುತ್ತದೆ. ಗಂಡನ ಕುಡಿತ ಬಿಡಿಸಬೇಕೆಂದು ಗುಳಿಗೆ ಪುಡಿ ಮಾಡಿ ಕಡಲೆಹಿಟ್ಟಿನ ಝುಣಕದಲ್ಲಿ ಕಲಸಿದವಳು ಇದೊಂದನ್ನು ಮರೆತಿದ್ದಳು. ಸುದ್ದಿ ಕೇಳಿ ಓಡಿಬಂದು ಬಾಗಿಲಲ್ಲಿ ನಿಂತಿದ್ದ ಆಕೆಯ ಮುಖ ನೋಡಿದಾಗ ನನಗೆ ಎಲ್ಲವೂ ತಿಳಿಯಿತು. ನಾಲ್ವರಿಗೆ ಹಂಚಿಹೋದ ಪುಡಿ ಮೈಗೂಡಲು ಮೂರು ದಿನ ಹಿಡಿದಿತ್ತು; ಆ ಗುಳಿಗೆ ಮೈಯಲ್ಲಿರುವಾಗ ಹೆಂಡ ಬಿದ್ದರೆ ಹೀಗೆಯೇ ಆಗುತ್ತದೆ. ಗೊತ್ತಿದ್ದು, ಒಪ್ಪಿ ನುಂಗುವವನಿಗೆ ಅದು ಕಾವಲು. ಗೊತ್ತಿಲ್ಲದವನಿಗೆ ಜೀವಕ್ಕೇ ಕುತ್ತು ಬರಬಹುದು. ಆಕೆಗೆ ಅದು ಸಿಕ್ಕದ್ದು ಅಕ್ಕನ ಮನೆಯಲ್ಲಿ; ಭಾವ ಡಾಕ್ಟರನ್ನು ಕಂಡು ತಾನೇ ಒಪ್ಪಿ ತೆಗೆದುಕೊಳ್ಳುತ್ತಿದ್ದ ಗುಳಿಗೆ.

ಸರ್ ಆಕೆಯನ್ನು ಪಕ್ಕಕ್ಕೆ ಕರೆದರು. "ಇವರೆಲ್ಲರ ಹೊಟ್ಟ್ಯಾಗ ಏನು ಹೋಗ್ಯದ ಅಂತ ಇವರಿಗೆ ತಿಳೀಲೇಬೇಕವಾ. ನಾ ಹೇಳಿದ್ರ ಅದು ಫಿರ್ಯಾದು ಆಗ್ತದ. ನೀ ಹೇಳಿದ್ರ ಮನಿ ಮಾತಾಗ್ತದ. ನಾವು ಇಲ್ಲೇ ಇರ್ತೀವಿ."

ಆಕೆ ಗಂಡನ ಮಂಚದ ಬಳಿ ಹೋಗಿ, ನೆಲ ನೋಡುತ್ತ ಹೇಳಿದಳು. ಉಳಿದ ಮೂವರಲ್ಲಿ ಇಬ್ಬರು ಬೈದರು. ಇನ್ನು ಎರಡು ವಾರ ನಾಲ್ವರೂ ಒಂದು ಹನಿ ಮುಟ್ಟುವ ಹಾಗಿಲ್ಲ ಎಂದು ಸರ್ ಹೇಳಿದಾಗ, ಬಿಯರಿನವನು ದೀನನಾಗಿ, "ಝುಣಕ ತಿಂದದ್ದಕ್ಕ ಎರಡ ವಾರ್ರಿ?" ಎಂದ. ಅವನ ದನಿಗೆ ಬೈಯುತ್ತಿದ್ದವರೇ ನಕ್ಕುಬಿಟ್ಟರು.

ಗಂಡ ನಗಲಿಲ್ಲ. "ನನಗ್ಯಾಕ ಹೇಳ್ಲಿಲ್ಲ?" ಎಂದ.

"ಹೇಳಿದ್ರ ತಿಂತಿದ್ದೇನು?"

"ಇಲ್ಲ."

"ಮತ್ತ?"

ಸರ್ ನನ್ನ ಕಡೆ ನೋಡಿದರು. ನಾನು ಮಂಚದ ಪಕ್ಕ ಕೂತೆ. ಭರ್ತಿಯಾಗಬಹುದು, ಒಪ್ಪಿಗೆ ಬೇಕು, ಪರವಾಗಿ ಮಾತಾಡಲು ಒಬ್ಬರನ್ನು ನೇಮಿಸಬಹುದು ಎಂದು ಕಾಯ್ದೆ ಸಾಲಾಗಿ ನಾಲಗೆಯ ಮೇಲೆ ಬಂದು ನಿಂತಿತ್ತು. ಅವನ ಕೈ ನೋಡಿದೆ. ಉಗುರಿನಲ್ಲಿ ಗ್ರೀಸು, ಬೆರಳು ನಡುಗುತ್ತಿದ್ದವು. ಮೂರು ದಿನದಿಂದ ಇವನಿಗೆ ಏನು ಬೇಕೆಂದು ಹೆಂಡತಿ ತೀರ್ಮಾನಿಸಿದ್ದಳು, ಅದಕ್ಕೂ ಮೊದಲು ಬಾಟಲಿ ತೀರ್ಮಾನಿಸುತ್ತಿತ್ತು, ಈಗ ನಾನು ತೀರ್ಮಾನಿಸಲು ಹೊರಟಿದ್ದೆ.

"ನಿಮಗ ಏನ ಬೇಕಾಗೇತ್ರಿ?" ಎಂದೆ.

ಅವನು ನನ್ನನ್ನು ಅಷ್ಟು ಹೊತ್ತಿನಲ್ಲಿ ಮೊದಲ ಸಲ ನೋಡಿದ. "ಮುಂಜಾನೆ ಎದ್ದಾಗ ಕೈ ನಡಗಬಾರ್ದ್ರಿ" ಎಂದ. "ನಟ್ಟಿನ ಪಾನಾ ಹಿಡಿಯಾಕ ಬರವಲ್ದು. ನಟ್ ಬಿಚ್ಚೂದು ಹುಡುಗೂರ ಕಡೆಯಿಂದ ಮಾಡಸ್ತೇನಿ. ನಾನು ಹೆಡ್ ಮಿಸ್ತ್ರೀರಿ." ಆಮೇಲೆ ಅವನ ಮಾತು ನಿಲ್ಲಲಿಲ್ಲ. ತಾನಾಗಿಯೇ ಭರ್ತಿಯಾದ. ಪರವಾಗಿ ಮಾತಾಡಲು ಯಾರಿರಬೇಕು ಎಂದು ಕೇಳಿದಾಗ, ಹೆಂಡತಿಯ ಕಡೆ ಬೆರಳು ಮಾಡಿದ. ಮುಂದೆ ಅದೇ ಗುಳಿಗೆಯನ್ನು ತಾನೇ ಕೇಳಿ ತೆಗೆದುಕೊಂಡ, ದಿನಾ ಮುಂಜಾನೆ, ಆಕೆಯ ಎದುರಿಗೆ. ನಡುವೆ ಒಮ್ಮೆ ಜಾರಿದ, ಮತ್ತೆ ಬಂದ. ಈಗ ಗ್ಯಾರೇಜು ಅವನದೇ. ಬುತ್ತಿ ಇನ್ನೂ ಹಂಚಿಕೊಂಡೇ ಉಣ್ಣುತ್ತಾರಂತೆ.

ಆ ದಿನ ಸರ್‌ಗೆ ಬಸ್ಸು ತಪ್ಪಿತು. ವಾರ್ಡಿನ ಬಾಗಿಲಲ್ಲಿದ್ದ ಖಾಲಿ ಸ್ಟೂಲಿನ ಮೇಲೆ ಒಂದು ಕ್ಷಣ ಕೂತರು. "ಬರತೇನ್ರಿ ಡಾಕ್ಟರಬಾಯಾರ" ಎಂದು ಎದ್ದು ಹೋದರು.

ಪರೀಕ್ಷೆಯಲ್ಲಿ ನನ್ನೆದುರು ಬಂದವರು ಒಬ್ಬ ವಯಸ್ಸಾದ ಹೆಂಗಸು. ಮುಖ ಆ ಕಡೆ ತಿರುಗಿಸಿ ಕೂತಿದ್ದರು. ಪೆನ್ನು ಕೆಳಗಿಟ್ಟು, ನಿಮಗೆ ಏನು ಬೇಕು ಎಂದು ಕೇಳಿದೆ. "ಆ ಕಿಟಕಿ ಹಾಕವಾ. ಬಿಸಲು ಕಣ್ಣಿಗೆ ಹೊಡ್ಯಾಕ ಹತ್ತೇತಿ" ಎಂದರು. ಎದ್ದು ಕಿಟಕಿ ಹಾಕಿ ಬಂದೆ. ಅವರು ನನ್ನ ಕಡೆ ತಿರುಗಿದರು, ಮಾತಾಡಿದರು, ಕೊಟ್ಟ ವೇಳೆ ಸಾಲಲಿಲ್ಲ. ಪಾಸಾದ ಸುದ್ದಿಯನ್ನೂ ಕಿಟಕಿಯ ಸಂಗತಿಯನ್ನೂ ಫೋನಿನಲ್ಲಿ ಹೇಳಿದಾಗ ಸರ್ ಅಭಿನಂದನೆ ಗಿಭಿನಂದನೆ ಎನ್ನಲಿಲ್ಲ. "ಕಿಟಕಿ ಯಾವ ದಿಕ್ಕಿಗಿತ್ತು?" ಎಂದು ಕೇಳಿದರು. ಪಡುವಣಕ್ಕೆ ಎಂದೆ. "ಹಂಗಾದ್ರ ಖರೇನ ಹೊಡೀತಿತ್ತು" ಎಂದು ಫೋನಿಟ್ಟರು.

ಅದೇ ಆಸ್ಪತ್ರೆಗೆ ನಾನು ಮನೋವೈದ್ಯೆಯಾಗಿ ಬಂದೆ, ಅವರು ಶಾಲು ಹೊದ್ದು ನಿವೃತ್ತರಾದರು. ಕೆಲವು ವಾರ ಬಿಟ್ಟು ಒಂದು ಗುರುವಾರ ಪರದೆ ಸರಿಯಿತು. ಸರ್ ಸ್ಟೂಲಿನ ತುದಿಗೆ ಕೂತು, ನಿದ್ದೆ ಇಲ್ಲ, ಊಟಕ್ಕೆ ರುಚಿ ಇಲ್ಲ, ಮುಂಜಾನೆ ಏಳಲು ಮನಸ್ಸಿಲ್ಲ ಎಂದರು. ನಾಟಕವೆಂದು ನಗುತ್ತ ಕೇಳುತ್ತಿದ್ದೆ. ಆಮೇಲೆ ಲಕ್ಷ್ಯಕ್ಕೆ ಬಂತು, ಅವರು 'ಐತಿ' ಬಿಟ್ಟು ತಮ್ಮ ಮನೆಯ ಮಾತಿನಲ್ಲೇ ಮಾತಾಡುತ್ತಿದ್ದರು. ನಗು ನಿಂತಿತು. ಪೂರ್ತಿ ವಿಚಾರಿಸಿದೆ, ಪುಸ್ತಕದಲ್ಲಿದ್ದುದನ್ನೆಲ್ಲ. ಗಾಬರಿಯಾಗುವಂಥದು ಇರಲಿಲ್ಲ. ಕೊನೆಗೆ, "ನಿಮಗ ಏನ ಬೇಕಾಗೇತ್ರಿ ಸರ್?" ಎಂದೆ.

"ಗುರುವಾರ ಬೇಕವಾ" ಎಂದರು.

ಅಂದಿನಿಂದ ಪ್ರತಿ ಗುರುವಾರ ಬಂದರು. ಹೊಸ ಡಾಕ್ಟರಿಗೆ, ನರ್ಸುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ರೋಗಿಯಾಗಿ ಕೂತರು. ಒಬ್ಬಳು ಆಶಾ ಮೊದಲ ಪ್ರಶ್ನೆಗೇ ಅವರನ್ನು ಎಬ್ಬಿಸಿಬಿಟ್ಟಳು. ನನಗೆ ಹೊಟ್ಟೆಕಿಚ್ಚಾಯಿತು; ಅದನ್ನು ಅವರಿಗೆ ಹೇಳಿಯೂ ಹೇಳಿದೆ, ಖುಷಿಪಟ್ಟರು.

ಹೋದ ತಿಂಗಳು ಪಕ್ಕದ ಮನೆಯವರ ಕಾರಿನಲ್ಲಿ ಬಂದರು. ಬಸ್ಸಿನ ಮೆಟ್ಟಿಲು ಹತ್ತಲು ಮೊಣಕಾಲು ಒಪ್ಪುವುದಿಲ್ಲ, ಇದೇ ಕೊನೆಯ ಗುರುವಾರ ಎಂದರು. ಕುರ್ಚಿಯಲ್ಲಿ ತಾವು ಕೂತು, "ಹಿಂದಿನ ಪಾಠ ಒಂದ್ಸಲ ನೋಡೂಣು" ಎಂದು ನನಗೆ ಬಾಗಿಲು ತೋರಿಸಿದರು. ನಾನು ಹೊರಗೆ ಹೋಗಿ, ಪರದೆ ಸರಿಸಿ ಬಂದು ಸ್ಟೂಲಿನ ಮೇಲೆ ಕೂತೆ. ಇಷ್ಟು ವರ್ಷ ಆ ಸ್ಟೂಲು ಎಷ್ಟು ತಣ್ಣಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಏನ್ ತ್ರಾಸ ಅದರೀ?"

"ಏನಿಲ್ರಿ. ಸುಮ್ನ ಬಂದೇನಿ."

ನಿದ್ದೆ ಕೇಳಿದರು, ಊಟ ಕೇಳಿದರು. ಚೆನ್ನಾಗಿದೆ ಎಂದೆ, ಚೆನ್ನಾಗಿಯೇ ಇದೆ. ಅವರ ಕೈ ಕಿಸೆಗೆ ಹೋಗಿ ಲವಂಗ ತೆಗೆಯಿತು.

"ನಿಮಗ ಏನ್ ಬೇಕ್ರೀ?"

ಅವರು ಅವಸರ ಮಾಡಲಿಲ್ಲ, ಕಾದರು. ಹೊರಗೆ ಕಾರು ಹಾರ್ನ್ ಹೊಡೆಯಿತು.

"ಗುರುವಾರ ಬೇಕ್ರಿ" ಎಂದೆ.

"ಅದೊಂದು ಬಿಟ್ಟು ಹೇಳ್ರಿ."

"ಬ್ಯಾರೆ ಏನೂ ಬ್ಯಾಡ್ರಿ."

ಅವರು ನನ್ನನ್ನು ನೋಡಿದರು. ನಾನು ಏಳಲಿಲ್ಲ. ಹಾರ್ನ್ ಮತ್ತೆ ಕೇಳಿತು. ಸರ್ ಕುರ್ಚಿಗೆ ಒರಗಿ, ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಸರಿಸಿದರು. ಪರದೆಯ ಕಡೆ ತಿರುಗಿ ಸಿಸ್ಟರನ್ನು ಕರೆದರು.

"ಕಾರಿನವರಿಗೆ ಸ್ವಲ್ಪ ತಡೀರಿ ಅಂತ ಹೇಳ್ರಿ. ಇನ್ನೂ ಒಬ್ರು ಪೇಶಂಟ್ ಕೂತಾರ."